ಮೇಜಿನ ಕೆಳಗಿನ ಮೂಗು

ತಿಂಗಳ ಹಿಂದೆ ಬಂದಿದ್ದ ಜ್ವರ ಹೋಗುವಾಗ ಮೂಗುರಾಯನ ವಾಸನೆಯ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಬೇರೆಯವರಾಗಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಇವನು ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮೂಸುವ ಕೆಲಸದವನು. ಬಂಗುಡೆಯ ದೊಡ್ಡಣ್ಣನಂತಿರುವ ಕೇದರ ಮೀನು ಕೆಟ್ಟ ಮೇಲೂ ಮದುವೆ ಗಂಡಿನ ಹಾಗೆ ಹೊಳೆಯುತ್ತದೆ. ಕಿವಿರು ಎತ್ತಿ ಮೂಸಿದರೇ ನಿಜ ಗೊತ್ತಾಗುವುದು. ಕೆಲಸ ಹೋದೀತೆಂಬ ಭಯಕ್ಕೆ ಅವನು ಹೆಂಡತಿಗೂ ಹೇಳಿರಲಿಲ್ಲ. ಅವಳು ತಟ್ಟೆ ಇಟ್ಟು ಮುಖ ನೋಡಿದರೆ, "ಘಮಘಮ ಅಂತಿದೆ" ಎಂದು ತಲೆ ತಗ್ಗಿಸಿ ಉಣ್ಣುತ್ತಿದ್ದ.

ವಿಷಯ ಗೊತ್ತಿದ್ದದ್ದು ಪಕ್ಕದಲ್ಲಿ ನಿಂತು ಮೀನು ತೊಳೆಯುವ ಅಕ್ಕನಿಗೆ ಮಾತ್ರ. ಮೀನು ಕೆಟ್ಟಿದ್ದರೆ ಮೇಜಿನ ಕೆಳಗೆ ಅವನ ಕಾಲಿಗೊಂದು ಒದೆ ಕೊಡುತ್ತಿದ್ದಳು.

ಆ ಬೆಳಿಗ್ಗೆ ಕನ್ನಡಕದವನೊಬ್ಬ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಮೇಜಿನ ತುದಿಯಲ್ಲಿ ಕುಳಿತ. ಮೂಗುರಾಯ ಒಂದೊಂದು ಮೀನು ಮೂಸಿದಾಗಲೂ ಏನೋ ಬರೆದುಕೊಂಡ.

"ಪರೀಕ್ಷೆ ಕಣೋ ನಿಂಗೆ. ಒಂದು ತಪ್ಪಿದ್ರೂ ಮನೆಗೆ ಕಳಿಸ್ತಾರಂತೆ," ಎಂದು ಪಿಸುಗುಟ್ಟಿದ ತಕ್ಕಡಿಯವನು, ಕೇಳದೆಯೇ ಅವನ ಮೂಗಿಗೆ ಸೊಂಟನೋವಿನ ಮುಲಾಮು ಮೆತ್ತಿದ. "ಚುರುಕಾಗುತ್ತೆ, ಸುಮ್ನಿರು."

ವಾಸನೆ ಬರಲಿಲ್ಲ, ಕಣ್ಣೀರು ಧಾರಾಕಾರವಾಗಿ ಬಂತು.

"ಯಾಕ್ರೀ ಅಳ್ತಿದ್ದೀರಿ?" ಮೇಲ್ವಿಚಾರಕ ಬಂದು ಅಕ್ಕನಿಗೂ ಅವನಿಗೂ ನಡುವೆಯೇ ನಿಂತ.

"ಒಳ್ಳೆ ಮೀನು ಸಾರ್. ನೋಡಿದ್ರೆ ಸಂತೋಷ ಆಗುತ್ತೆ."

ಅಷ್ಟರಲ್ಲಿ ಅಕ್ಕನ ಒದೆ ಮೇಲ್ವಿಚಾರಕನ ಕಾಲಿಗೆ ಬಿತ್ತು. ಅವನು ಹೌಹಾರಿದ್ದು ನೋಡಿಯೇ ಮೂಗುರಾಯ ಕೈಯಲ್ಲಿದ್ದ ಮೀನನ್ನು ಕೆಟ್ಟದ್ದರ ಬುಟ್ಟಿಗೆ ಹಾಕಿದ.

"ಇಲಿ ಇರ್ಬೇಕು ಸಾರ್," ಎಂದಳು ಅಕ್ಕ.

ಡಬ್ಬಿ ಕಾರ್ಖಾನೆಯಲ್ಲಿ ಇಲಿ ಅಂದರೆ ಮುಗಿಯಿತು. ಅರ್ಧ ಗಂಟೆ ಎಲ್ಲರೂ ಪೊರಕೆ ಹಿಡಿದು ಮಂಡಿಯೂರಿ ಇಲ್ಲದ ಇಲಿಯನ್ನು ಹುಡುಕಿದರು. ಮೂಗುರಾಯನೂ ಶ್ರದ್ಧೆಯಿಂದ ಹುಡುಕಿದ.

ಸಂಜೆಯ ಹೊತ್ತಿಗೆ ನೂರು ಮೀನು ಮುಗಿದಿದ್ದವು. ಅವನ ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ನೂರಕ್ಕೆ ನೂರು," ಎಂದ ಕನ್ನಡಕದವನು. ಅಕ್ಕ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ಪರೀಕ್ಷೆ ನಿಮಗಲ್ಲ ರಾಯರೆ," ಎಂದು ಕನ್ನಡಕದವನು ಪೆಟ್ಟಿಗೆ ತಟ್ಟಿದ. "ಈ ಮೂಸೋ ಯಂತ್ರಕ್ಕೆ. ನಿಮ್ಮ ಮಾತಿಗೆ ಒಂದೇ ಒಂದು ಮೀನಲ್ಲಿ ತಾಳೆ ಆಗದಿದ್ರೂ ವಾಪಸ್ ತಗೊಂಡು ಹೋಗು ಅಂದಿದ್ರು. ನಿಮ್ಮ ಮೂಗಿನ ಮೇಲೆ ಅಷ್ಟು ನಂಬಿಕೆ ಇವ್ರಿಗೆ."

ಮೇಲ್ವಿಚಾರಕ ಗೋಡೆ ನೋಡುತ್ತ, "ನಾಳೆಯಿಂದ ನೀವು ವಿಶ್ರಾಂತಿ ತಗೊಳ್ಳಿ," ಎಂದ. ಏನೂ ಅರ್ಥವಾಗದ ತಕ್ಕಡಿಯವನು ಚಪ್ಪಾಳೆ ತಟ್ಟಿದ.

ಎಲ್ಲರೂ ಹೋದ ಮೇಲೂ ಅಕ್ಕ ತೊಟ್ಟಿಯ ನೀರಿನಿಂದ ಕೈ ತೆಗೆದಿರಲಿಲ್ಲ.

"ಒಂದು ಸಲ ಕಾಲು ಸುಮ್ನೆ ಇಟ್ಕೊಂಡಿದ್ರೆ ಸಾಕಿತ್ತಲ್ಲೋ ನಾನು."

"ನೀನೇನು ಮಾಡ್ತೀಯ ಅಕ್ಕ," ಎಂದ ಮೂಗುರಾಯ. "ಮೀನು ಕೆಟ್ಟಿತ್ತಲ್ಲ."