ನೀರ್ಕೋಡ್ಲದ ಕಾಯಂ ದೂರುದಾರರು

ಹೊನ್ನಾವರ ತಾಲೂಕಿನ ನೀರ್ಕೋಡ್ಲ ಗ್ರಾಮದಲ್ಲಿ ದೂರವಾಣಿ ಸೇವೆ ಇದೆ. ಸರ್ವಜನ ದೂರವಾಣಿ ನಿಧಿ ಪ್ರಾಧಿಕಾರವು ಇದನ್ನು ತನ್ನ ವಾರ್ಷಿಕ ವರದಿಯಲ್ಲಿ ಬಣ್ಣದ ಚಿತ್ರಸಮೇತ ಸಾರಿದೆ. ಚಿತ್ರದಲ್ಲಿ ಶಾಲೆಯ ಹಿಂದಿನ ಗುಡ್ಡದ ಮೇಲೆ ಕೆಂಪು ಬಿಳಿ ಪಟ್ಟೆಯ ಗೋಪುರವೂ ಅದರ ಬುಡದಲ್ಲಿ ತೆಂಗಿನಕಾಯಿ ಒಡೆಯುತ್ತಿರುವ ಗಣ್ಯರೂ ಸ್ಪಷ್ಟವಾಗಿ ಕಾಣುತ್ತಾರೆ. ಆ ಊರಲ್ಲಿ ಯಾರ ಮೊಬೈಲಿಗೂ ಸಿಗ್ನಲ್ ಬರುವುದಿಲ್ಲ ಎಂಬುದು ಊರವರ ಖಾಸಗಿ ಅಭಿಪ್ರಾಯ.

ಗೋಪುರ ಚಾಲೂ ಆಗದೆ ನಿಂತದ್ದಕ್ಕೆ ಯಾರನ್ನೂ ದೂರುವಂತಿಲ್ಲ. ರಾಜ್ಯದಲ್ಲಿ ಫೋನು ಇರುವವರೆಲ್ಲ ಬಿಲ್ಲಿನ ಜೊತೆ ಅಷ್ಟಿಷ್ಟು ಸೇರಿಸಿ ಕೊಡುವ ದುಡ್ಡು, ಫೋನಿಲ್ಲದ ಹಳ್ಳಿಗಳ ಸಲುವಾಗಿ ಈ ನಿಧಿಗೆ ಬಂದು ಬೀಳುತ್ತದೆ. ನಿಧಿಯ ನಿಯಮದಲ್ಲಿ ಗೋಪುರವನ್ನು ‘ಸ್ಥಾಪಿಸಲು’ ಅವಕಾಶವಿದೆ. ‘ನಡೆಸಲು’ ಎಂಬ ಪದ ಇಲ್ಲ. ನಡೆಸುವುದು ಕಂಪನಿಯ ಕೆಲಸ. ಹಳ್ಳಿಯವರಿಗೆ ಕಡಿಮೆ ದರ ಹಾಕಬೇಕೆಂದು ಪ್ರಾಧಿಕಾರವೇ ಆಜ್ಞೆ ಮಾಡಿದ್ದರಿಂದ, ಆ ದರದಲ್ಲಿ ಗೋಪುರದ ಕರೆಂಟು ಬಿಲ್ಲೂ ಹುಟ್ಟುವುದಿಲ್ಲವೆಂದು ಕಂಪನಿ ಕೈಚೆಲ್ಲಿತು. ಪ್ರಾಧಿಕಾರವು ಈ ಮಾತನ್ನು ಸಹಾನುಭೂತಿಯಿಂದ ಪರಿಶೀಲಿಸಿತು. ಸೇವೆಯೇ ಇಲ್ಲದಿರುವಾಗ ಗ್ರಾಹಕರಿಗೆ ಚಿಕ್ಕಾಸೂ ಖರ್ಚಾಗದ ಕಾರಣ, ನೀರ್ಕೋಡ್ಲದ ಗ್ರಾಮೀಣ ದರವು ರಾಜ್ಯದಲ್ಲೇ ಅತ್ಯಂತ ಜನಪರವಾದುದೆಂದು ಘೋಷಿಸಿತು.

ಪರಮೇಶ್ವರಿಗೆ ತಾನು ಇಂಥ ಜನಪರ ದರದ ಫಲಾನುಭವಿ ಎಂಬುದು ಗೊತ್ತಿರಲಿಲ್ಲ. ಅವಳು ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಗಂಡ ದೇವಪ್ಪ ಭಟ್ಕಳದ ತೆಂಗಿನಗುಂಡಿಯಲ್ಲಿ ಬೋಟಿನ ಕೆಲಸಕ್ಕಿದ್ದ. ಹಬ್ಬಕ್ಕೆ, ಮಳೆಗಾಲದಲ್ಲಿ ಬೋಟು ದಡಕ್ಕೆ ಬಿದ್ದಾಗ ಮನೆಗೆ ಬರುತ್ತಿದ್ದ. ಮಿರ್ಜಾನಕ್ಕೆ ಕೊಟ್ಟಿದ್ದ ಮಗಳು ಸೋಮಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಪರಮೇಶ್ವರಿಯ ಹೆದರಿಕೆ ಶುರುವಾದದ್ದು ಅಲ್ಲಿಂದ.

ಹೋದ ಮಳೆಗಾಲದಲ್ಲಿ ನೆರೆಮನೆಯ ಬಂಗಾರಿಯ ಸೊಸೆಗೆ ಬೇನೆ ಬಂದಾಗ, ಬಂಗಾರಿಯ ಮಗ ಸಿಗ್ನಲ್ ಸಿಗುವ ಡಾಂಬರು ರಸ್ತೆಯ ತನಕ ಓಡಿದ್ದ. ಅವನು ಓಡಿ, ಆಂಬ್ಯುಲೆನ್ಸಿಗೆ ಹೇಳಿ, ಅದು ಹೊರಟು, ಬಲಕ್ಕೆ ತಿರುಗಬೇಕಾದಲ್ಲಿ ಎಡಕ್ಕೆ ತಿರುಗಿ, ದಾರಿ ಕೇಳಲಿಕ್ಕೆ, ಅಷ್ಟರಲ್ಲಿ ಊರಿಗೆ ಮರಳಿದ್ದ ಅವನಿಗೆ ಮತ್ತೆ ಫೋನು ಹಚ್ಚಿ, ಫೋನು ಹತ್ತದೆ, ಕೊನೆಗೆ ಅಂತೂ ಊರು ಮುಟ್ಟುವಾಗ ಮಗು ಉಳಿದಿರಲಿಲ್ಲ. ದೂರವಾಣಿಯ ಮೂಲಕ ದೂರು ಬಾರದ್ದರಿಂದ ಇದು ಪ್ರಾಧಿಕಾರದ ದೃಷ್ಟಿಯಲ್ಲಿ ದೂರವಾಣಿಗೆ ಸಂಬಂಧಪಟ್ಟ ಘಟನೆಯಲ್ಲ.

ಗ್ರಾಮೀಣ ದೂರುಗಳಿಗೆಂದು ಒಂದು ಉಚಿತ ನಂಬರು ಇತ್ತು. ಊರಿಂದ ಅದು ಹತ್ತುವ ಹಾಗಿಲ್ಲ. ಪರಮೇಶ್ವರಿ ಶಾಲೆಗೆ ರಜೆ ಹೇಳಿ ಹೊನ್ನಾವರಕ್ಕೆ ಹೋಗಿ, ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ಫೋನು ಹಚ್ಚಿದಳು. ಎಲ್ಲ ಹೇಳಿ ಮುಗಿಸಿದ ಮೇಲೆ ಆಚೆಯ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು:

“ತಾವೀಗ ಎಲ್ಲಿಂದ ಮಾತಾಡ್ತಿದ್ದೀರಿ ಮೇಡಂ?”

“ಹೊನ್ನಾವರ ಬಸ್‌ಸ್ಟ್ಯಾಂಡಿಂದ.”

“ಅಲ್ಲಿ ಸಿಗ್ನಲ್ ತೊಂದರೆ ಇದೆಯೇ?”

“ಇಲ್ಲಿ ಎಂತ ತೊಂದ್ರೆ? ಇಲ್ಲಿ ಇಲ್ಲ. ತೊಂದ್ರೆ ಇರೂದು ನಮ್ಮೂರಲ್ಲಿ.”

“ದೂರು ಬಂದ ಸ್ಥಳದಲ್ಲಿ ತೊಂದರೆ ಇಲ್ಲವೆಂದು ತಾವೇ ಖಚಿತಪಡಿಸಿದ್ದೀರಿ. ತಮ್ಮ ದೂರನ್ನು ತೃಪ್ತಿಕರವಾಗಿ ಮುಕ್ತಾಯಗೊಳಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ?”

ಪರಮೇಶ್ವರಿ ಅಂಕ ಕೊಡಲಿಲ್ಲ. ಕುಮಟೆಯ ಬಸ್ಸು ಹತ್ತಿದಳು.

ಕುಮಟೆಯಲ್ಲಿ ಪ್ರಾಧಿಕಾರದ ಕುಂದುಕೊರತೆ ಅಧಿಕಾರಿ ಕೃಷ್ಣಾನಂದ ಶಾನಭಾಗರು ಒಳ್ಳೆಯ ಮನುಷ್ಯ. ಬಂದವರಿಗೆ ಕುರ್ಚಿ ಕೊಟ್ಟು ಚಾ ತರಿಸುವವರು. ಅವಳ ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು.

“ಅಮ್ಮಾ, ನಿಯಮ ಹೀಗೆ ಉಂಟು. ದೂರವಾಣಿ ಇಲ್ಲವೆಂಬ ದೂರನ್ನು ದೂರವಾಣಿ ಇಲ್ಲದ ಸ್ಥಳದಿಂದಲೇ, ದೂರವಾಣಿ ಮೂಲಕವೇ ಸಲ್ಲಿಸತಕ್ಕದ್ದು.”

“ಫೋನೇ ಇಲ್ಲದಿದ್ದಲ್ಲಿಂದ ಫೋನ್ ಮಾಡೂದು ಹೆಂಗೆ ಸರ್?”

“ಅದನ್ನೇ ನಾನೂ ಬೆಂಗಳೂರಿಗೆ ಬರೆದು ಕೇಳಿದ್ದೆ. ಪ್ರಶ್ನೆ ಚೆನ್ನಾಗಿದೆ ಅಂತ ಉತ್ತರ ಬಂತು.”

ಪರಮೇಶ್ವರಿ ಎದ್ದು ಹೋಗಲಿಲ್ಲ. ಕುರ್ಚಿಯಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಶಾನಭಾಗರಿಗೆ ಹೆಂಗಸರು ಅತ್ತರೆ ಆಗುತ್ತಿರಲಿಲ್ಲ. ಅವರಿಗೂ ತಮ್ಮದೇ ಒಂದು ಸಂಕಟವಿತ್ತು. ವರ್ಷ ಮುಗಿಯುತ್ತ ಬಂದರೂ ನಿಧಿ ಖರ್ಚಾಗಿರಲಿಲ್ಲ. ನಿಧಿ ಉಳಿದರೆ ಹಳ್ಳಿಗಳಲ್ಲಿ ಕಷ್ಟವಿಲ್ಲವೆಂದು ಅರ್ಥ. ಕಷ್ಟವಿಲ್ಲದಿದ್ದರೆ ಪ್ರಾಧಿಕಾರ ಯಾಕೆ ಎಂದು ಯಾರಾದರೂ ಕೇಳುವ ಅಪಾಯವಿತ್ತು. ಅವರು ನಿಯಮದ ಪುಸ್ತಕವನ್ನು ಹಿಂದೆ ಮುಂದೆ ಮಗುಚಿ, ಮುಖ ಅರಳಿಸಿ ಹೇಳಿದರು:

“ಸಾರ್ವಜನಿಕ ಅಹವಾಲು ಸಭೆ ಮಾಡುವ! ಅದನ್ನು ಕೇಳ್ಲಿಕ್ಕೆ ನೀವು ಫೋನ್ ಮಾಡ್ಬೇಕಂತ ಇಲ್ಲ.”

ಹೀಗೆ ನೀರ್ಕೋಡ್ಲದ ಶಾಲೆಯ ಗೋಡೆಗೆ ಪ್ರಕಟಣೆ ಅಂಟಿತು: ‘ಈ ಗ್ರಾಮದಲ್ಲಿ ದೂರವಾಣಿ ಸೇವೆ ಇಲ್ಲವೆಂಬ ಆರೋಪದ ವಿಚಾರಣೆಯನ್ನು ಮಾನ್ಯ ಅಧ್ಯಕ್ಷರು ಬೆಂಗಳೂರಿನಿಂದ ದೂರವಾಣಿಯ ಮೂಲಕ ಇದೇ ಗ್ರಾಮದಲ್ಲಿ ನಡೆಸುವರು. ಹೆಚ್ಚಿನ ವಿವರಗಳಿಗೆ ಕೂಡಲೇ ಫೋನಾಯಿಸಿ.’

ಆ ದಿನ ಶಾಲೆಯ ಬಯಲಲ್ಲಿ ಶಾಮಿಯಾನ ಎದ್ದಿತು. ಅಧ್ಯಕ್ಷರು ಪರದೆಯ ಮೇಲೆ ಕಾಣಬೇಕಾದರೆ ಸಿಗ್ನಲ್ ಬೇಕಲ್ಲ, ಅದಕ್ಕೆ ತಲೆಯ ಮೇಲೆ ದೊಡ್ಡ ತಟ್ಟೆ ಹೊತ್ತ ಒಂದು ವ್ಯಾನು ಬಂತು. ಹರೀಶ ಎಂಬ ಆಪರೇಟರು ಸ್ವಿಚ್ಚು ಹಾಕಿದ್ದೇ ತಡ, ಊರವರ ಕಿಸೆಗಳು, ಸೆರಗುಗಳು, ಅಡುಗೆಮನೆಯ ಡಬ್ಬಗಳು ಒಟ್ಟಿಗೇ ಕೂಗಿಕೊಂಡವು. ಚೌತಿಯ ಶುಭಾಶಯಗಳು ದೀಪಾವಳಿ ಕಳೆದ ಮೇಲೆ ತಲುಪಿದವು. ಗೋವೆಯಲ್ಲಿ ಭಾವ ತೀರಿಕೊಂಡದ್ದು ಒಬ್ಬನಿಗೆ ಆಗ ಗೊತ್ತಾಗಿ ಅವನು ಅಲ್ಲೇ ಚಪ್ಪಲಿ ಬಿಟ್ಟು ನಿಂತ. ಪರಮೇಶ್ವರಿ ತೆಂಗಿನಗುಂಡಿಗೆ ಫೋನು ಹಚ್ಚಿದಳು.

“ಯಾರು?” ಅಂದ ದೇವಪ್ಪ.

“ನಾನು.”

“ನಾನು ಅಂದ್ರೆ?”

“ನಿಮ್ಮ ಹೆಂಡ್ತಿ, ಮತ್ಯಾರು!”

“ಎಂತಾತೇ?” ಎಂದ ಅವನು, ಧ್ವನಿ ಕುಗ್ಗಿಸಿ. ಮನೆಯಿಂದ ಫೋನು ಬಂತೆಂದರೆ ಏನೋ ಕೆಟ್ಟದ್ದೇ ಆಗಿರಬೇಕೆಂದು ಅವನ ಲೆಕ್ಕ. ಏನೂ ಆಗಿಲ್ಲವೆಂದು ಅವನನ್ನು ನಂಬಿಸಲಿಕ್ಕೇ ಅವಳಿಗೆ ಸಾಕುಸಾಕಾಯಿತು.

ಅಹವಾಲು ಶುರುವಾಯಿತು. ಪರದೆಯ ಮೇಲೆ ಅಧ್ಯಕ್ಷರು ಮೂಡಿಬಂದು ಗ್ರಾಮೀಣ ಜನರ ಮೇಲಿನ ತಮ್ಮ ಪ್ರೀತಿಯನ್ನು ವಿವರಿಸಿದರು. ಪರಮೇಶ್ವರಿ ಮೈಕು ಹಿಡಿದು ತನ್ನ ದೂರನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅಧ್ಯಕ್ಷರು, “ಗಮನಿಸಲಾಗಿದೆ. ಇನ್ನೇನೂ ಇಲ್ಲವಾದರೆ ಮುಗಿಸೋಣ” ಅಂದರು.

ಬಂಗಾರಿ ಗದ್ದೆಯ ಬದುವಿನ ಮೇಲೆ ಓಡಿಬಂದದ್ದು ಆಗಲೇ. “ಪರಮೇಶ್ವರೀ, ಸೋಮಿಗೆ ಬೇನೆ ಎದ್ದದೆ! ನೀರು ಹೋತು!”

ಪರಮೇಶ್ವರಿಯ ಕಾಲು ಆಗಲೇ ಮನೆಯ ಕಡೆ ತಿರುಗಿತ್ತು. ಹರೀಶ ವ್ಯಾನಿನಿಂದಲೇ ಆಂಬ್ಯುಲೆನ್ಸಿಗೆ ಫೋನು ಮಾಡಿದ. ಹೊನ್ನಾವರದಿಂದ ಹೊರಟಿದೆ, ದಾರಿ ಹೇಳಲಿಕ್ಕೆ ಫೋನು ಚಾಲೂ ಇಡಿ ಎಂದರಂತೆ. ಶಾನಭಾಗರು ಪರಮೇಶ್ವರಿಯ ಹತ್ತಿರ ಬಂದು ಮೈಕಿಗೆ ಕೈ ಅಡ್ಡ ಹಿಡಿದರು.

“ಅಮ್ಮಾ, ಅಹವಾಲು ಮುಗಿದ ಕೂಡಲೇ ವ್ಯಾನು ಬಂದ್ ಮಾಡ್ಬೇಕು ಅಂತ ನಿಯಮ ಉಂಟು. ಬೆಂಗಳೂರಿಂದಲೇ ಬಂದ್ ಮಾಡ್ತಾರೆ, ನಮ್ಮ ಕೈಯಲ್ಲಿಲ್ಲ. ಆದ್ರೆ ದೂರುದಾರರು ಮಾತಾಡ್ತಾ ಇದ್ರೆ ಮುಗಿಸುವ ಹಾಗಿಲ್ಲ. ನಿಲ್ಲಿಸ್ಬೇಡಿ. ಏನಾದ್ರೂ ಹೇಳ್ತಾ ಇರಿ.”

“ಸರ್, ಮಗಳು ಅಲ್ಲಿ…”

“ನಾ ಹೋಗ್ತೆ ಅವಳ ಹತ್ರ,” ಅಂದಳು ಬಂಗಾರಿ. “ನೀನು ದೂರು ಹೇಳು ಮಾರಾಯ್ತಿ. ನಿಲ್ಲಿಸ್ಬೇಡ.” ಹೇಳಿದವಳು ಬಂದ ಹಾದಿಯಲ್ಲೇ ತಿರುಗಿ ಓಡಿದಳು.

ಪರಮೇಶ್ವರಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. “ಇನ್ನೊಂದು ಉಂಟು ಸರ್,” ಅಂದಳು. ಮೊದಲು ಬಸ್ಸಿನ ದೂರು ಹೇಳಿದಳು. ಬಸ್ಸು ಮುಗಿದ ಮೇಲೆ ಬಿಸಿಯೂಟದ ಬೇಳೆ. ಬೇಳೆ ಆದ ಮೇಲೆ ಮಂಗಗಳು, ಮಂಗಗಳ ಬೆನ್ನಿಗೆ ಕಾಡುಹಂದಿ, ಬಾವಿಗೆ ಬಿದ್ದ ಬಕೆಟ್ಟು, ಸಂಬಳ ಕೊಡುವಾಗ ಮುಖ ಗಂಟಿಕ್ಕುವ ಹೆಡ್‌ಮಾಸ್ತರು. ಹೆಡ್‌ಮಾಸ್ತರು ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸಿದರು. ಶಾಲೆಯ ಆಚೆ, ಗದ್ದೆ ದಾಟಿದರೆ ಅವಳ ಮನೆ; ಗಾಳಿ ಈ ಕಡೆ ಬೀಸಿದಾಗಲೆಲ್ಲ ಸೋಮಿಯ ಕೂಗು ಕೇಳುತ್ತಿತ್ತು. ಕೇಳಿದಾಗಲೆಲ್ಲ ಪರಮೇಶ್ವರಿಯ ಮಾತು ತಡವರಿಸುತ್ತಿತ್ತು. ಆಗ ಊರವರು ಬಾಯಿಬಿಟ್ಟು ನೆನಪಿಸುತ್ತಿದ್ದರು: “ಸೊಳ್ಳೆ ಹೇಳು! ಹಳ್ಳ ದಾಟೂ ಕಾಲುಸಂಕ ಹೇಳು!” ಸೊಳ್ಳೆಯೂ ಕಾಲುಸಂಕವೂ ಮುಗಿದವು. ಕೊನೆಗೆ ಏನೂ ತೋಚದೆ, ತೀರಿಹೋದ ತನ್ನ ಅತ್ತೆ ಮದುವೆಯಾದ ಹೊಸತರಲ್ಲಿ ತನಗೆ ಮೀನಿನ ತಲೆಯನ್ನು ಮಾತ್ರ ಬಡಿಸುತ್ತಿದ್ದುದನ್ನು ಪ್ರಾಧಿಕಾರದ ಗಮನಕ್ಕೆ ತಂದಳು. ಹೇಳುವಾಗ ಕಣ್ಣಲ್ಲಿ ನೀರು ಇಳಿಯಿತು. ಅದು ಅತ್ತೆಗಾಗಿ ಅಲ್ಲವೆಂದು ಬಯಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಬೆಂಗಳೂರಿಗೆ ಗೊತ್ತಿರಲಿಲ್ಲ.

“ಬಹಳ ನೋವಿನ ಸಂಗತಿ,” ಅಂದರು ಅಧ್ಯಕ್ಷರು.

ಅತ್ತ ಹರೀಶ ಕಿವಿಗೆ ಫೋನು ಒತ್ತಿಕೊಂಡು, “ಎಡಕ್ಕೆ ಬೇಡ, ಎಡಕ್ಕೆ ಬೇಡ, ಮಾವಿನ ಮರದ ಹತ್ರ ಬಲಕ್ಕೆ!” ಎಂದು ಕಿರುಚುತ್ತಿದ್ದ. ಸೈರನ್ ಸದ್ದು ಗುಡ್ಡದ ತಿರುವಿನಲ್ಲಿ ಕೇಳಿಸಿ, ಗದ್ದೆಯ ಪಕ್ಕಕ್ಕೆ ಬಂದು ನಿಂತಿತು.

“ಆತು ಸರ್. ನನ್ನದು ಆತು,” ಎಂದು ಪರಮೇಶ್ವರಿ ಮೈಕನ್ನು ಶಾನಭಾಗರ ಕೈಗೆ ತುರುಕಿ ಓಡಿದಳು.

ಸಂಜೆ ಹೊನ್ನಾವರದ ಆಸ್ಪತ್ರೆಯಲ್ಲಿ ಸೋಮಿಗೆ ಹೆಣ್ಣು ಮಗು ಹುಟ್ಟಿತು. ತಾಯಿಯೂ ಮಗುವೂ ಕ್ಷೇಮ. ಬಂಗಾರಿ ಮಗುವನ್ನು ಎತ್ತಿಕೊಂಡು ಬಹಳ ಹೊತ್ತು ಯಾರಿಗೂ ಕೊಡಲಿಲ್ಲ. ಯಾರೂ ಕೇಳಲೂ ಇಲ್ಲ.

ಸ್ವಲ್ಪ ದಿನದಲ್ಲಿ ಪ್ರಾಧಿಕಾರದ ಆದೇಶ ಬಂತು. ಅಹವಾಲಿನ ದಿನ ಗ್ರಾಮದಿಂದ ಅಸಂಖ್ಯ ಕರೆಗಳು ಯಶಸ್ವಿಯಾಗಿ ಹೋಗಿರುವುದೂ, ಆಂಬ್ಯುಲೆನ್ಸು ಸಕಾಲಕ್ಕೆ ಬಂದಿರುವುದೂ ಸಾಬೀತಾಗಿರುವುದರಿಂದ ದೂರು ನಿರಾಧಾರ. ಇಷ್ಟು ಒಳ್ಳೆಯ ಸೇವೆ ಇರುವಲ್ಲಿ ಗ್ರಾಮೀಣ ದರದ ರಿಯಾಯಿತಿ ಮುಂದುವರಿಸುವುದು ಪಟ್ಟಣದ ಬಡವರಿಗೆ ಮಾಡುವ ಅನ್ಯಾಯವಾದ್ದರಿಂದ ಅದನ್ನು ರದ್ದುಪಡಿಸಲಾಗಿದೆ. ಊರವರು ಕುಮಟೆಗೆ ಹೋದರು. ಶಾನಭಾಗರು ಎಲ್ಲರಿಗೂ ಚಾ ತರಿಸಿ, ಈ ಆದೇಶದ ವಿರುದ್ಧ ಮೇಲ್ಮನವಿ ಹಾಕಬಹುದೆಂದರು.

“ಮೇಲ್ಮನವಿ ಹಾಕಿದ್ರೆ ಎಂತಾಗ್ತದೆ ಸರ್?”

“ಇನ್ನೊಂದು ಅಹವಾಲು ಆಗ್ತದೆ.”

“ವ್ಯಾನು ಬರ್ತದಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

ವ್ಯಾನು ಬಂತು. ಮೇಲ್ಮನವಿಯೂ ವಜಾ ಆಯಿತು, ಮತ್ತೆ ಮೇಲ್ಮನವಿ ಹಾಕಲಾಯಿತು, ಮತ್ತೆ ವ್ಯಾನು ಬಂತು. ನಿಧಿ ಖರ್ಚಾಗತೊಡಗಿದ್ದು ಕಂಡು ಮೇಲಿನವರಿಂದ ಶಾನಭಾಗರಿಗೆ ಶಹಬ್ಬಾಸ್ ಸಿಕ್ಕಿತು. ಹೀಗೆ ಬಿಡಿಬಿಡಿಯಾಗಿ ಯಾಕೆ ಎಂದು ಪ್ರಾಧಿಕಾರವು ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ನೀರ್ಕೋಡ್ಲದ ಅಹವಾಲು ದಿನವೆಂದು ಗೊತ್ತುಮಾಡಿ, ಪರಮೇಶ್ವರಿಯನ್ನು ‘ಕಾಯಂ ದೂರುದಾರರು’ ಎಂದು ನೇಮಿಸಿ, ಕೊರಳಿಗೆ ನೀಲಿ ಪಟ್ಟಿಯ ಗುರುತಿನ ಚೀಟಿ ಕೊಟ್ಟಿತು.

ಊರು ಬೇಗ ಹೊಂದಿಕೊಂಡಿತು. ಹೆಣ್ಣು ನೋಡುವ ಮಾತು, ಬ್ಯಾಂಕಿನ ಓಟಿಪಿ, ಅಣ್ಣತಮ್ಮಂದಿರ ಜಗಳ ಎಲ್ಲವೂ ಮಂಗಳವಾರಕ್ಕೆ ಬಿದ್ದವು. ಹಲ್ಲುನೋವು ಬಂದವರು ಮಂಗಳವಾರದ ತನಕ ಲವಂಗ ಕಚ್ಚಿಕೊಂಡರು. ಬಸುರಿಯರಿಗೆ ಹಿರಿಯ ಹೆಂಗಸರು, “ಆದಷ್ಟು ಮಂಗಳವಾರಕ್ಕೆ ನೋಡು” ಎಂದು ಬುದ್ಧಿ ಹೇಳತೊಡಗಿದರು. ದೇವಪ್ಪ ಆ ದಿನ ಬೋಟಿಗೆ ಹೋಗದೆ ದಡದಲ್ಲೇ ಫೋನು ಹಿಡಿದು ಕೂರುತ್ತಿದ್ದ. ಹೆಂಡತಿಯ ಧ್ವನಿ ಅವನಿಗೆ ಈಗ ಗುರುತು ಸಿಗುತ್ತಿತ್ತು.

ಒಂದು ಸಲ ಮಾತ್ರ ವಿಷಯ ಕೈಮೀರುವುದರಲ್ಲಿತ್ತು. ರಿಯಾಯಿತಿ ರದ್ದಾಗಿ ದರ ಏರಿದ್ದರಿಂದ ಕಂಪನಿಯು ಗೋಪುರವನ್ನು ಚಾಲೂ ಮಾಡಲು ಮುಂದೆ ಬಂತು. ಪಂಚಾಯ್ತಿಯಲ್ಲಿ ತುರ್ತು ಸಭೆ ಸೇರಿತು. ಶಾಮಿಯಾನದವನು, ಊಟದ ಕಂತ್ರಾಟಿನವನು ಕಣ್ಣೀರು ಹಾಕಿದರು. ಪರಮೇಶ್ವರಿ ಎದ್ದು ನಿಂತು, “ನಾ ಕೇಳಿದ್ದು ಇದೇ ಅಲ್ದಾ? ಹಾಕ್ಲಿ ಬಿಡಿ,” ಅಂದಳು.

“ಹಾಕ್ತಾರೆ ಅಕ್ಕ,” ಅಂದರು ಹೆಡ್‌ಮಾಸ್ತರು. “ಮಳೆ ಬಂದು ಕರೆಂಟು ಹೋದ್ರೆ? ಆಗ ಗೋಪುರವೂ ಇಲ್ಲ, ವ್ಯಾನೂ ಇಲ್ಲ. ಇದಾದ್ರೆ ತಿಂಗಳಿಗೊಂದು ದಿನ ಖಾತ್ರಿ.”

ಅವಳು ಎಲ್ಲರ ಮುಖ ನೋಡಿದಳು. ಬಂಗಾರಿ ಕೂಡ ತಲೆ ತಗ್ಗಿಸಿ ಕೂತಿದ್ದಳು. ಪರಮೇಶ್ವರಿ ತನ್ನ ಜಾಗದಲ್ಲಿ ಕೂತಳು. ಗೋಪುರ ಬೇಡವೆಂದು ಠರಾವು ಒಮ್ಮತದಿಂದ ಪಾಸಾಯಿತು.

ಮುಂದಿನ ಅಹವಾಲಿಗೆ ಮುಂಚೆ ಶಾನಭಾಗರು ಅವಳಿಗೆ ಹೊಸ ತಿದ್ದುಪಡಿಯನ್ನು ತಿಳಿಸಿಕೊಟ್ಟರು: ದೂರುದಾರರಿಗೆ ಅಧ್ಯಕ್ಷರ ಮಾತು ಕೇಳಿಸಿದಲ್ಲಿ ಸೇವೆ ಇದೆಯೆಂದೇ ಅರ್ಥ, ಅಹವಾಲುಗಳು ಅಲ್ಲಿಗೆ ಕಾಯಂ ಬಂದ್. ಪರಮೇಶ್ವರಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಗುರುತಿನ ಚೀಟಿಯನ್ನು ಮಗುವಿನ ಕೈಯಿಂದ ಬಿಡಿಸಿ, ಮೈಕಿನ ಮುಂದೆ ನಿಂತಳು. ಪರದೆ ಬೆಳಗಿತು. ಅಧ್ಯಕ್ಷರ ಧ್ವನಿ ಬಯಲಿನ ತುಂಬ ಮೊಳಗಿತು.

“ಪರಮೇಶ್ವರಿಯವರೇ, ನನ್ನ ಮಾತು ನಿಮಗೆ ಕೇಳಿಸುತ್ತಿದೆಯೇ?”

“ಇಲ್ಲ ಸರ್. ಒಂದಕ್ಷರವೂ ಕೇಳ್ತಿಲ್ಲ.”

“ಒಳ್ಳೆಯದು,” ಅಂದರು ಅಧ್ಯಕ್ಷರು. “ಹಾಗಾದರೆ ಶುರುಮಾಡೋಣ.”