ಉಪ್ಪು ಎಲ್ಲಿದೆ ಎಂದು ಫ್ರೆಂಚಿನಲ್ಲಿ ಕೇಳಿದ್ದು

ಅರ್ಧ ಅರ್ಥವಾದ ಮಾತಿಗೆ ಪೂರ್ತಿ ತಲೆಯಾಡಿಸುವುದು ನನ್ನ ಹಳೆಯ ಅಭ್ಯಾಸ. ಹೊಸೂರಿನಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ತರಕಾರಿ ಅಂಗಡಿಯಲ್ಲಿ ತೆಲುಗು. ಒಂದರಲ್ಲಿ ತಡವರಿಸಿದರೆ ಇನ್ನೊಂದು ಕೈಹಿಡಿಯುತ್ತದೆ. ಹೀಗೆ ತಲೆಯಾಡಿಸಿಕೊಂಡೇ ನಾನು ಮದುವೆಯಾದೆ, ಮನೆ ಕಟ್ಟಿಸಿದೆ, ಸೂಳಗಿರಿ ದಾರಿಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದ ಮೇಲ್ವಿಚಾರಕನೂ ಆದೆ.

ಫ್ರಾನ್ಸಿನಿಂದ ಕ್ಲೇರ್ ಎಂಬ ಮಹಿಳೆ ತಪಾಸಣೆಗೆ ಬರುತ್ತಾರೆಂದೂ ಅವರ ಊಟ ತಿಂಡಿ ನನ್ನ ಹೊಣೆಯೆಂದೂ ಮ್ಯಾನೇಜರ್ ಹೇಳಿದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ನನಗೂ ಬರುತ್ತಿತ್ತು. ಅಲ್ಲಿಗೆ ಸುಮ್ಮನಿರಬಹುದಿತ್ತು. ನಾನು ಫೋನಿನಲ್ಲಿ ಫ್ರೆಂಚ್ ಪಾಠ ಹಾಕಿಕೊಂಡು ದಿನವೂ ಕಂಪನಿ ಬಸ್ಸಿನಲ್ಲಿ ಬಾಯಿಪಾಠ ಮಾಡತೊಡಗಿದೆ. ನಾನು ಆರಿಸಿಕೊಂಡದ್ದು ಹೋಟೆಲಿನ ಪಾಠ. ಅದರಲ್ಲಿ ಚಮಚ ಎಲ್ಲಿದೆ, ನೀರು ಎಲ್ಲಿದೆ, ಕೈ ತೊಳೆಯುವುದು ಎಲ್ಲಿ ಎಂದು ಕೇಳುವುದೇ ತುಂಬಿತ್ತು. ಉತ್ತರಗಳು ಮುಂದಿನ ಪಾಠದಲ್ಲಿದ್ದವು. ಅಲ್ಲಿಗೆ ತಲುಪುವಷ್ಟರಲ್ಲಿ ಕ್ಲೇರ್ ಬಂದುಬಿಟ್ಟರು.

ಅದಕ್ಕೂ ಮೊದಲು ಮನೆಯಲ್ಲೊಂದು ಪ್ರಯೋಗ ನಡೆದಿತ್ತು. ಊಟಕ್ಕೆ ಕೂತವನು ಉಪ್ಪು ಎಲ್ಲಿದೆ ಎಂಬುದನ್ನು, "ಊ ಎ ಲ ಸೆಲ್?" ಎಂದು ಕೇಳಿದೆ. ಹೆಂಡತಿ ನಾಗವೇಣಿ ಸಾರು ಬಡಿಸುತ್ತಲೇ, "ಸೆಲ್ಲು ಚಾರ್ಜಿಗೆ ಹಾಕಿವ್ನಿ, ಮೊದ್ಲು ಉಣ್ಣಿ" ಎಂದಳು. ಉಚ್ಚಾರಣೆ ಸ್ಪಷ್ಟವಾಗಿದೆ ಎಂದು ನನಗೆ ಧೈರ್ಯ ಬಂತು.

ಕಾರ್ಖಾನೆಯ ಹತ್ತಿರ ಒಂದು ಸಣ್ಣ ಹೋಟೆಲಿದೆ. ಬೇರಿಕೆ ಕಡೆಯ ಲಕ್ಷ್ಮಮ್ಮ ಅಲ್ಲಿ ಅಡುಗೆಯನ್ನೂ ಬಡಿಸುವುದನ್ನೂ ನೋಡಿಕೊಳ್ಳುತ್ತಾರೆ. ಬಂದ ಮೊದಲ ಬೆಳಿಗ್ಗೆಯೇ ಕ್ಲೇರ್ ಅವರನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಇಡ್ಲಿ ಹೇಳಿದೆ. ಉಪ್ಪಿನ ಡಬ್ಬಿ ನನ್ನ ಮೊಣಕೈಗೆ ತಾಗುತ್ತಿದ್ದರೂ ಅದು ಎಲ್ಲಿದೆ ಎಂದು ಫ್ರೆಂಚಿನಲ್ಲಿ ಕೇಳಿದೆ. ಅವರ ಮುಖ ಅರಳಿತು. ಡಬ್ಬಿ ತೋರಿಸಿ, ಅದುವರೆಗೆ ಅಳೆದು ತೂಗಿ ಇಂಗ್ಲಿಷ್ ಆಡುತ್ತಿದ್ದವರು ಫ್ರೆಂಚಿನಲ್ಲಿ ಸರಾಗವಾಗಿ ಮಾತಿಗಿಳಿದರು. ಒಂದು ಪದವೂ ನನಗೆ ಸಿಗಲಿಲ್ಲ. ಅವರು ಉಸಿರು ತೆಗೆದುಕೊಂಡಾಗಲೆಲ್ಲ "ವೀ, ವೀ" ಎಂದೆ. ಹೌದು ಎಂಬುದಕ್ಕೆ ಅವರು ಹಾಗನ್ನುತ್ತಾರೆ. ಇಲ್ಲ ಎಂಬುದನ್ನು ನಾನು ಅಭ್ಯಾಸ ಮಾಡಿರಲಿಲ್ಲ.

ಇಡ್ಲಿ ಬಂತು, ಜೊತೆಗೆ ಚಟ್ನಿ. ಕ್ಲೇರ್ ಚಟ್ನಿ ತೋರಿಸಿ ಏನೋ ಕೇಳಿದರು. ರುಚಿಯಾಗಿದೆಯೇ ಎಂದಿರಬೇಕು ಅಂದುಕೊಂಡು "ವೀ" ಎಂದೆ. ಅವರು ಗಂಟಲಿನ ಮೇಲೆ ಕೈಯಿಟ್ಟು ಮತ್ತೊಮ್ಮೆ ಕೇಳಿದರು. ಖಾರದ ವಿಷಯವೆಂದುಕೊಂಡು ಇನ್ನೂ ಗಟ್ಟಿಯಾಗಿ "ವೀ" ಎಂದೆ. ಅವರು ಚಮಚ ಎತ್ತಿಕೊಂಡರು.

"ಇರ್ರಮ್ಮಾ," ಎಂದು ಲಕ್ಷ್ಮಮ್ಮ ಅಡ್ಡ ಕೈ ಚಾಚಿದರು. "ಆಯಮ್ಮ ಗಂಟ್ಲು ಹಿಡ್ಕಂಡು ಕೇಳ್ತಾವ್ರೆ, ನೀವು ನಗ್ತಾ ಇದ್ದೀರಲ್ಲ ಸಾ. ಏನಾರ ಒಗ್ಗಲ್ವೇನೋ." ಒಳಗೆ ಹೋಗಿ ಒಂದು ಹಿಡಿ ಕಡಲೆಕಾಯಿ ಬೀಜ ತಂದು, ಅದನ್ನು ತೋರಿಸಿ ಚಟ್ನಿಯತ್ತ ಬೆರಳು ಮಾಡಿದರು.

ಕ್ಲೇರ್ ಮುಖ ಬಿಳಿಚಿಕೊಂಡಿತು. ಚಮಚ ಕೆಳಗಿಟ್ಟು ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಕಡಲೆಕಾಯಿ ತಿಂದರೆ ಅವರ ಗಂಟಲು ಕಟ್ಟಿಕೊಳ್ಳುತ್ತದೆ, ಹಿಂದೊಮ್ಮೆ ಆಸ್ಪತ್ರೆ ಸೇರಿದ್ದರು. ಈ ಚಟ್ನಿಯಲ್ಲಿ ಅದು ಇಲ್ಲ ತಾನೆ ಎಂದು ನನ್ನನ್ನು ಎರಡು ಸಲ ಕೇಳಿದ್ದರು. ನಾನು ಎರಡು ಸಲವೂ ಹೌದು ಎಂದಿದ್ದೆ.

ನನಗೆ ಫ್ರೆಂಚ್ ಬರುವುದಿಲ್ಲ, ಪ್ರಶ್ನೆ ಕೇಳಲು ಮಾತ್ರ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದೆ. ಕ್ಲೇರ್, ಹಾಗಾದರೆ ಇಷ್ಟು ಹೊತ್ತು ತನ್ನ ಅತ್ತೆಯ ಬಗ್ಗೆ ಹೇಳಿದ್ದು ಯಾವುದೂ ನಿಮಗೆ ತಿಳಿಯಲಿಲ್ಲವೇ ಎಂದರು. ಇಲ್ಲ ಎಂದೆ. ಒಳ್ಳೆಯದಾಯಿತು ಎಂದರು. ಲಕ್ಷ್ಮಮ್ಮ ಆ ತಟ್ಟೆ ತೆಗೆದು, ಕೈ ತೊಳೆದುಕೊಂಡು, ಬೇರೆ ತಟ್ಟೆಯಲ್ಲಿ ಬಿಸಿ ಇಡ್ಲಿಗೆ ಮೊಸರು, ಸಕ್ಕರೆ ಹಾಕಿ ತಂದರು.

ಮರುದಿನವೂ ಅಲ್ಲಿಗೇ ಹೋಗೋಣ ಎಂದವರು ಕ್ಲೇರ್. ಆ ಇಬ್ಬರು ಹೆಂಗಸರು, ಒಬ್ಬರು ಫ್ರೆಂಚಿನಲ್ಲಿ, ಇನ್ನೊಬ್ಬರು ಬೇರಿಕೆಯ ಕನ್ನಡದಲ್ಲಿ, ಪಾತ್ರೆ ಮುಟ್ಟಿ ತೋರಿಸುತ್ತ ಅರ್ಧ ಗಂಟೆ ಮಾತಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೊನೆಗೆ ಲಕ್ಷ್ಮಮ್ಮ ನನ್ನತ್ತ ತಿರುಗಿ ಏನೋ ಅಂದರು. ತಲೆಯಾಡಿಸಲು ಹೊರಟವನು ತಡೆದುಕೊಂಡು, "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದೆ.

"ಇನ್ನೆರಡು ಇಡ್ಲಿ ಹಾಕ್ಲಾ ಅಂದೆ ಸಾ," ಎಂದರು ಲಕ್ಷ್ಮಮ್ಮ. "ಕನ್ನಡದಾಗೇ ಕೇಳಿದ್ನಲ್ಲ."