ಮಾವನಿಗೆ ದಮ್ ಹಾಕಿದ್ದು

ಸವಣೂರಿನಲ್ಲಿ ನನ್ನ ಮನೆಯಷ್ಟು ಘಮಘಮಿಸುವ ಮನೆ ಇನ್ನೊಂದಿರಬಾರದು ಎಂದು ಮೊನ್ನೆ ಶುಕ್ರವಾರ ಹಲ್ಲುಜ್ಜುತ್ತಲೇ ಪಣ ತೊಟ್ಟೆ! ಕಾರಣವಿತ್ತು. ನನ್ನದು ಬ್ಯಾಡಗಿ ಪೇಟೆಯಿಂದ ತಂದು ಮಾರುವ ಒಣಮೆಣಸಿನಕಾಯಿ ವ್ಯಾಪಾರ. ಚೀಲಗಳ ಠಿಕಾಣಿ ಮನೆಯ ಪಡಸಾಲೆ. ಎರಡು ವರ್ಷದ ಹಿಂದೆ ಊಟಕ್ಕೆ ಬಂದ ಮಾವ ಖಾದರಸಾಬರು ಘಾಟಿಗೆ ಹನ್ನೊಂದು ಸಲ ಸೀನಿ, ಬರೀ ನೀರು ಕುಡಿದು ಹುಲಗೂರಿನ ಬಸ್ಸು ಹತ್ತಿದ್ದರು. ಅಪ್ಪ ತನ್ನ ಮನೆಯಲ್ಲಿ ತನ್ನ ಕೈಯಡುಗೆಯನ್ನು ಒಮ್ಮೆ ಉಣ್ಣಬೇಕು ಎಂಬುದು ನನ್ನ ಹೆಂಡತಿ ಗುಲ್ನಾರಳಿಗೆ ಅಂದಿನಿಂದ ಉಳಿದ ಒಂದೇ ಆಸೆ. ಕೊನೆಗೂ ಅವರು ಭಾನುವಾರ ಬರಲು ಒಪ್ಪಿದ್ದರು.

ಮಾವ ಹುಲಗೂರಿನ ದರ್ಗಾದ ಮುಂದೆ ನಲವತ್ತು ವರ್ಷ ಅತ್ತರು ಮಾರಿದವರು. ಅಂಥ ಮೂಗನ್ನು ಗೆಲ್ಲುವುದೆಂದರೆ ಹುಡುಗಾಟವೇ?

"ಚೀಲಾ ಹಿತ್ತಲಕ್ಕ ಒಯ್ದಿಡ್ರಿ, ಕಿಟಕಿ ತೆಗಿರಿ. ಅಷ್ಟ ಸಾಕು," ಎಂದಳು ಗುಲ್ನಾರ.

"ನೀ ಸುಮ್ಕಿರು. ಮೂಗಿನ ವಿಷಯ ನಿನಗ ತಿಳಿಯಂಗಿಲ್ಲ."

ಚೀಲಗಳನ್ನು ಸಾಗಿಸಿದೆ. ಗೋಡೆಯ ಪ್ಲಗ್ಗಿಗೆ ಮಲ್ಲಿಗೆ ಸೂಸುವ ಯಂತ್ರ ಚುಚ್ಚಿದೆ. ಕಪಾಟಿನಲ್ಲಿ ಗುಲಾಬಿಯ ಡಬ್ಬಿ, ಬಾಗಿಲಿಗೆ ನಿಂಬೆಯ ಚೀಟಿ. ಇವುಗಳ ಮೇಲೆ 'ಸಮುದ್ರದ ಗಾಳಿ' ಎಂಬ ಸ್ಪ್ರೇ ಬೇರೆ. ಸವಣೂರಿಗೆ ಸಮುದ್ರ ತಂದ ಮೊದಲ ಮನುಷ್ಯ ನಾನೇ ಇರಬೇಕು! ಪರಿಮಳ ಪಕ್ಕದ ಮನೆಯ ಬಾನುಬಿಗೆ ಪುಕ್ಕಟೆ ಹೋಗಬಾರದೆಂದು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದೆ.

ಭಾನುವಾರ ಮಾವ ಬಂದರು. ಪಡಸಾಲೆಯಲ್ಲಿ ಕೂರಿಸಿ, ಬೀದಿಬಾಗಿಲು ಎಳೆದು, ಅವರ ಸುತ್ತ ಎರಡು ಪ್ರದಕ್ಷಿಣೆ ಸಮುದ್ರ ಸಿಂಪಡಿಸಿದೆ.

"ಹೆಂಗೈತ್ರಿ ಮಾವಾ?"

ಅವರು ಮಾತಾಡದೆ ಕೈ ಎತ್ತಿದರು. ತಾರೀಫಿಗೆ ಶಬ್ದ ಸಾಲುತ್ತಿಲ್ಲ ಎಂದುಕೊಂಡು ಒಳಬಾಗಿಲನ್ನೂ ಮುಚ್ಚಿ ಅಡುಗೆಮನೆಗೆ ಬಂದೆ. ಗುಲ್ನಾರ ಬಿರಿಯಾನಿಯ ಹಂಡೆಗೆ ಮುಚ್ಚಳವಿಟ್ಟು, ಆವಿ ಹೋಗದಂತೆ ಸುತ್ತ ಕಣಕ ಮೆತ್ತಿ, ಹಿತ್ತಲಿಗೆ ಕೈತೊಳೆಯಲು ಹೋಗಿದ್ದಳು. ಅಷ್ಟರಲ್ಲಿ ಪಡಸಾಲೆಯಿಂದ ಮಾವನ ದನಿ ಬಂತು.

"ದಮ್... ಅಳಿಯಂದ್ರ, ದಮ್ಮ ಹತ್ತೇತಿ..."

ನಮ್ಮಲ್ಲಿ ಏದುಸಿರಿಗೂ ದಮ್ಮೇ, ಬಿರಿಯಾನಿಗೂ ದಮ್ಮೇ. ಹಂಡೆಯ ಎದುರು ನಿಂತ ಹಸಿದವನಿಗೆ ಯಾವುದು ಹೊಳೆಯಬೇಕು, ನೀವೇ ಹೇಳಿ.

"ಹೌದ್ರಿ ಮಾವಾ, ಈಗಷ್ಟ ದಮ್ ಹತ್ತೇತಿ. ಇನ್ನೂ ಇಪ್ಪತ್ತು ನಿಮಿಷ ಬೇಕು."

"ತೆಗಿರಿ... ಜಲ್ದಿ ತೆಗಿರಿ..."

"ಈಗ ತೆಗದ್ರ ಹದಾ ಕೆಡತೇತ್ರಿ ಮಾವಾ. ಆವಿ ಒಳಗ ಇರಬೇಕು."

ಕೈ ಒರೆಸಿಕೊಳ್ಳುತ್ತ ಬಂದ ಗುಲ್ನಾರ ನನ್ನನ್ನು ನೋಡಿದಳು, ಪಡಸಾಲೆಯತ್ತ ಓಡಿದಳು. ಬಾಗಿಲು ತೆರೆದರೆ ಮಾವ ಎದೆ ಹಿಡಿದುಕೊಂಡು, ಕಣ್ಣು ಕೆಂಪಾಗಿಸಿಕೊಂಡು, ಗೋಡೆ ಹಿಡಿದು ನಿಂತಿದ್ದರು. ಅವರು ಹೇಳಿದ ದಮ್ಮು ಯಾವುದೆಂದು ಆಗ ಹೊಳೆಯಿತು. ಒಲೆ ಆರಿಸಿ, ಇಬ್ಬರೂ ಹಿಡಿದು ಆಟೋ ಹತ್ತಿಸಿ ಡಾಕ್ಟರರ ಬಳಿ ಕರೆದೊಯ್ದೆವು. ಮೂಗಿಗೆ ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟ ಮೇಲೆ ಮಾವನ ಉಸಿರು ಹಾದಿಗೆ ಬಂತು.

"ಡಬ್ಬಿ ಮ್ಯಾಲ ಹೂವಿನ ಚಿತ್ರ ಇದ್ರೂ ಒಳಗಿರೋದು ರಾಸಾಯನಿಕ," ಎಂದರು ಡಾಕ್ಟರರು. "ಮುಚ್ಚಿದ ಖೋಲ್ಯಾಗ ಹೊಡದ್ರ ಉಸಿರಿನ ನಾಳ ಕೆರಳತಾವು. ದಮ್ಮಿನ ಮನಿಶ್ಯಾರಿಗಂತೂ ಬ್ಯಾಡ. ಕಿಟಕಿ ಯಾಕ ಮುಚ್ಚಿದ್ರಿ?"

ನಾನು ಜೇಬಿನಲ್ಲಿ ಆಟೋದ ಚಿಲ್ಲರೆ ಹುಡುಕತೊಡಗಿದೆ.

"ಆವಿ ಹೊರಗ ಹೋಗಬಾರದಂತ್ರಿ," ಎಂದಳು ಗುಲ್ನಾರ.

ಮನೆಗೆ ಬಂದು ಬಾಗಿಲು, ಕಿಟಕಿ ಎಲ್ಲ ತೆರೆದು, ಮುಂದಿನ ಅಂಗಳದ ಬೇವಿನ ಮರದ ಕೆಳಗೆ ಚಾಪೆ ಹಾಸಿದೆವು. ಮಾವ ಬಿಸ್ಮಿಲ್ಲಾ ಎಂದು ಕೈಯಿಟ್ಟರು. ಎರಡನೇ ಸಲ ಬಡಿಸಲು ಬಾ ಎಂದು ಮಗಳನ್ನು ತಾವೇ ಕರೆದರು. ಗುಲ್ನಾರ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ಖುಷಿ ನನಗೆ ಮೆಣಸಿನಕಾಯಿಗೆ ಒಳ್ಳೆಯ ರೇಟು ಬಂದಾಗಲೂ ಆಗಿರಲಿಲ್ಲ.

"ಅಳಿಯಂದ್ರ," ಎಂದರು ಮಾವ, ಕೈ ತೊಳೆಯುತ್ತ. "ಹತ್ತೀನ ಅತ್ತರದಾಗ ಅದ್ದಿ ಕಿವ್ಯಾಗ ಇಡತಾರ. ಮನಿಶ್ಯಾನ್ನ ಹಿಡದು ಅತ್ತರದಾಗ ಅದ್ದಂಗಿಲ್ಲ."

ಬಸ್ಸು ಹತ್ತುವಾಗ ಅವರು ಮಗಳ ತಲೆ ಸವರಿ, "ಬರೋ ತಿಂಗಳ ಮತ್ತ ಉಣ್ಣಾಕ ಬರ್ತೇನಿ ಬೇಟಿ," ಎಂದರು.

ನಾನು ಉಬ್ಬಿಹೋದೆ. "ಬರ್ರಿ ಮಾವಾ! ನಾ ಏನೇನ ತಯಾರಿ ಮಾಡ್ಲಿರಿ?"

ಮಾವ ಕಿಟಕಿಯಿಂದ ತಲೆ ಹೊರಹಾಕಿ ಬಹಳ ಅಂತಃಕರಣದಿಂದ ಹೇಳಿದರು:

"ನೀವು ಅವತ್ತ ಬ್ಯಾಡಗಿ ಪ್ಯಾಟಿಗೆ ಹೋಗಿಬಿಡ್ರಿ."